ಕವಳಿ ಬೇರಿನ ಸಾಕ್ಷಿ

ಪ್ಯಾಕಿಂಗ್ ವಿಭಾಗದ ಹೆಂಗಸು ಆ ದಿನ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದಳು. ಕೈಯಲ್ಲಿ ನಮ್ಮದೇ ಕಂಪನಿಯ ಜಂತುಹುಳುವಿನ ಪುಡಿಯ ಡಬ್ಬಿ. ಅದರ ಮುಚ್ಚಳ ಒಡೆದಿತ್ತು. ಮಾರಾಟಕ್ಕೆ ಬಾರದ ಇಂಥ ಡಬ್ಬಿಗಳನ್ನು ಪ್ಯಾಕಿಂಗ್‌ನವರು ಮನೆಗೆ ಒಯ್ಯುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬೇಡ ಅಂದಿರಲಿಲ್ಲ.

"ಅಕ್ಕಾರ, ಇದರಾಗ ಏನೈತಿ ಸ್ವಲ್ಪ ನೋಡ್ರಿ," ಎಂದಳು. "ನಮ್ಮ ಮನಿಯವರು ನಿನ್ನಿಯಿಂದ ವಾಂತಿ ಮಾಡಾಕತ್ತಾರ. ಕಣ್ಣಿಗೆ ಎಲ್ಲಾ ಹಳದಿ ಕಾಣತೈತಿ ಅಂತಾರ. ದವಾಖಾನ್ಯಾಗ ಡಾಕ್ಟರು ಎದಿ ಬಡಿತ ಭಾಳ ಸಾವಕಾಶ ಆಗೈತಿ ಅಂದ್ರು. ಏನ ತಿಂದಾರ, ಏನ ತಿಂದಾರ ಅಂತ ಅದನ್ನ ಕೇಳಾಕತ್ತಾರ."

ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. "ಎಷ್ಟ ಕೊಟ್ಟಿದ್ದಿ?"

"ಒಂದ ಚಮಚಾ ಅಂತ ಡಬ್ಬಿ ಮ್ಯಾಲ ಬರದಾರಲ್ರೀ. ಅಷ್ಟ ಕೊಟ್ಟೆ. ಹೊಟ್ಟಿನೋವು ನಿಲ್ಲಲಿಲ್ಲ. ಸಂಜಿಮುಂದ ಮತ್ತೊಂದ ಕೊಟ್ಟೆ. ಮುಂಜಾನಿ ಎದ್ದು ತಾವ ಇನ್ನೊಂದ ತೊಗೊಂಡ್ರು."

ಅವಳು ವಿಜಯಪುರದ ಕಡೆಯವಳು, ಲ್ಯಾಬಿನಲ್ಲಿ ಮಾಲು ಪರೀಕ್ಷಿಸುವ ನಾನು ಧಾರವಾಡದವಳು. ಅಂಧೇರಿ ಪೂರ್ವದ ಆ ಗಲ್ಲಿಯಲ್ಲಿ, ಎರಡು ಪ್ರಿಂಟಿಂಗ್ ಪ್ರೆಸ್ಸುಗಳ ನಡುವೆ ಸಿಕ್ಕಿಕೊಂಡಂತಿದ್ದ ನಮ್ಮ ಆಯುರ್ವೇದ ಔಷಧದ ಕಾರ್ಖಾನೆಯಲ್ಲಿ ಈ ಮಾತನ್ನು ಆಡುತ್ತಿದ್ದವರು ನಾವಿಬ್ಬರೇ. ಅವಳ ಗಂಡ ಧಾರಾವಿಯಲ್ಲಿ ಚರ್ಮದ ಬ್ಯಾಗು ಹೊಲಿಯುತ್ತಿದ್ದ. ನಾನು ಅವನನ್ನು ಒಮ್ಮೆಯೂ ನೋಡಿರಲಿಲ್ಲ.

ಹಳದಿ ಕಾಣುತ್ತದೆ ಎಂಬ ಮಾತು ಕೇಳಿದ ಕೂಡಲೇ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ವಾಂತಿ, ನಿಧಾನವಾದ ನಾಡಿ, ಹಳದಿ ದೃಷ್ಟಿ: ಹೃದಯದ ಮೇಲೆ ನೇರವಾಗಿ ಕೆಲಸ ಮಾಡುವ ಒಂದು ಜಾತಿಯ ಸಸ್ಯವಿಷಗಳ ಲಕ್ಷಣ ಇದು. ಅವಳ ಮೊಬೈಲಿನಿಂದಲೇ ವಾರ್ಡಿನ ಡಾಕ್ಟರಿಗೆ ಫೋನ್ ಮಾಡಿಸಿ ಅಷ್ಟನ್ನು ಹೇಳಿದೆ. ಆ ಡಾಕ್ಟರು ತಾಳ್ಮೆಯಿಂದ ಕೇಳಿಸಿಕೊಂಡರು. "ನಮಗೂ ಅದೇ ಅನುಮಾನ. ಯಾವ ಗಿಡ ಅಂತ ಗೊತ್ತಾದರೆ ತಕ್ಷಣ ಹೇಳಿ," ಎಂದರು.

ಆ ಪುಡಿಯ ಮುಖ್ಯ ಸಾಮಗ್ರಿ ಕವಳಿ ಗಿಡದ ಬೇರು. ನಮ್ಮ ಕಡೆ ಕವಳಿ, ನಮ್ಮ ಮಾಲೀಕರ ಕರಾವಳಿಯಲ್ಲಿ ಕರಂಡೆ, ಮುಂಬಯಿಯಲ್ಲಿ ಕರವಂದ. ಕವಲೊಡೆದ ಗಟ್ಟಿ ಮುಳ್ಳು, ಎಲ್ಲಿ ಮುರಿದರೂ ಜಿನುಗುವ ಬಿಳಿ ಹಾಲು, ಬೇಸಿಗೆಯಲ್ಲಿ ಕಪ್ಪಗೆ ಹಣ್ಣಾಗುವ ಸಣ್ಣ ಕಾಯಿ. ಕಾಯಿಯನ್ನು ಉಪ್ಪಿನಕಾಯಿ ಹಾಕುತ್ತಾರೆ, ಹಣ್ಣನ್ನು ಪಿತ್ತ ಶಮನಕ್ಕೆ ತಿನ್ನುತ್ತಾರೆ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಎಲೆಯ ಕಷಾಯ, ತುರಿಕಜ್ಜಿಗೆ ಬೇರಿನ ಲೇಪ, ಹೊಟ್ಟೆಯ ಹುಳಕ್ಕೆ ಬೇರಿನ ನೀರು. ಬೇರು ಹಣ್ಣಿನಷ್ಟು ಸಾಧು ಅಲ್ಲ. ಅದರಲ್ಲೂ ಹೃದಯಕ್ಕೆ ತಾಗುವ ಅಂಶ ಕೊಂಚ ಇದೆ. ಅದಕ್ಕೇ ನಮ್ಮ ಪುಡಿಯಲ್ಲಿ ಅದರ ಪ್ರಮಾಣ ಬಹಳ ಕಡಿಮೆ ಇಟ್ಟಿದ್ದೆವು.

ಈ ಬೇರನ್ನು ತರುತ್ತಿದ್ದವಳು ಮಲಾಡಿನ ಪೂರ್ವಕ್ಕಿರುವ ಬೆಟ್ಟದ ಕಾಡಿನ ಪಾಡಾದ, ಅಂದರೆ ಆದಿವಾಸಿ ಹಾಡಿಯ, ಒಬ್ಬ ವಾರ್ಲಿ ಹೆಂಗಸು. ವಯಸ್ಸಾದವಳು. ನಾನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ, ಅವಳು ನನ್ನನ್ನು ಪೋರಿ, ಅಂದರೆ ಹುಡುಗಿ, ಅನ್ನುತ್ತಿದ್ದಳು, ನನ್ನ ತಲೆಗೂದಲು ಅರ್ಧ ಬೆಳ್ಳಗಾಗಿದ್ದರೂ. ಅವಳ ಮಾತು ಮರಾಠಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಬೇರಿನ ಕಟ್ಟು ಬಂದಾಗ ನಾನು ಅದನ್ನು ಅವಳೆದುರೇ ಬಿಚ್ಚಿ ನೋಡುತ್ತಿದ್ದೆ. ಒಂದೊಂದು ತುಂಡಿನ ಸಿಪ್ಪೆ ಕೆರೆದು, ಅಡ್ಡ ಸೀಳಿ, ಒಂದು ಹಿಡಿಯನ್ನು ಗಾಜಿನ ಜಾಡಿಯಲ್ಲಿ ಹಾಕಿ, ಎಲ್ಲಿಂದ ಬಂತು ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿ ಇಡಬೇಕು, ಅದು ನಿಯಮ. ಆ ಹೊತ್ತಿಗೆ ಅವಳು ನೆಲದ ಮೇಲೆ ಕಾಲು ಚಾಚಿ ಕೂತಿರುತ್ತಿದ್ದಳು.

ಒಮ್ಮೆ ಕೇಳಿದ್ದೆ, "ಮಾವಶಿ, ನೀವು ಇದನ್ನ ಯಾವುದಕ್ಕೆ ಬಳಸುತ್ತೀರಿ?"

"ಆಡಿನ ಗಾಯದಲ್ಲಿ ಹುಳ ಬಿದ್ದರೆ ಅರೆದು ಒಳಗೆ ತುಂಬುತ್ತೇವೆ. ಆಡು ಕಿರುಚುತ್ತದೆ, ಹಿಡಿದುಕೊಳ್ಳಲು ಇಬ್ಬರು ಬೇಕು. ಹುಳ ತಾವಾಗಿ ಹೊರಗೆ ಬೀಳುತ್ತವೆ."

"ಮನುಷ್ಯರಿಗೆ?"

"ಹೊಟ್ಟೆಹುಳಕ್ಕೆ ಕುದಿಸಿ ಕೊಡುತ್ತಾರೆ. ಬಸುರಿಯರಿಗೆ ಕೊಡುವುದಿಲ್ಲ." ಆಮೇಲೆ ನಕ್ಕಳು. "ನಾನು ಮಾತ್ರ ಕುಡಿಯುವುದಿಲ್ಲ. ಸರಕಾರಿ ದವಾಖಾನೆಯ ಬಿಳಿ ಗುಳಿಗೆ ನುಂಗುತ್ತೇನೆ. ಅದು ಕಹಿ ಇಲ್ಲ."

ಬೇರು ಪರೀಕ್ಷೆಯಾದ ಮೇಲೆ ಪುಡಿಯನ್ನೂ ಮತ್ತೊಮ್ಮೆ ನೋಡಬೇಕು ಎಂದು ನಾನು ಕೆಲಸಕ್ಕೆ ಸೇರಿದಾಗಲೇ ಬರೆದು ಕೊಟ್ಟಿದ್ದೆ. ಒಂದೇ ಮಾಲಿಗೆ ಎರಡು ಸಲ ಪರೀಕ್ಷೆ ಯಾಕೆ ಎಂದು ಮಾಲೀಕರು ಅದನ್ನು ತಳ್ಳಿಹಾಕಿದ್ದರು. ಹೀಗಾಗಿ ಬೀಸುವ ಕೋಣೆಯಿಂದ ಪುಡಿ ನೇರವಾಗಿ ಪ್ಯಾಕಿಂಗಿಗೆ ಹೋಗುತ್ತಿತ್ತು.

ಈಗ ಒಡೆದ ಡಬ್ಬಿಯ ಪುಡಿಯನ್ನು ಮದ್ಯಸಾರದಲ್ಲಿ ನೆನೆಸಿ, ಸೋಸಿ, ಬಣ್ಣದ ಪರೀಕ್ಷೆಗೆ ಒಡ್ಡಿದೆ. ಹೃದಯಕ್ಕೆ ತಾಗುವ ಅಂಶವಿದ್ದರೆ ದ್ರಾವಣ ನೇರಳೆಗೆ ತಿರುಗುತ್ತದೆ. ತಿರುಗಿತು. ಆದರೆ ಜಾಡಿಯಲ್ಲಿದ್ದ ಮಾವಶಿಯ ಶುದ್ಧ ಬೇರಿನದೂ ತಿರುಗಿತು. ತೆಳುವಾಗಿ, ತಡವಾಗಿ, ಆದರೂ ನೇರಳೆಯೇ. ಪುಡಿಯದು ದಟ್ಟ ನೇರಳೆ. ದಟ್ಟ ಎನ್ನುವುದು ಅನುಮಾನಕ್ಕೆ ಸಾಕು, ಡಾಕ್ಟರಿಗೆ ಹೆಸರು ಹೇಳಲು ಸಾಲದು.

ಸೂಕ್ಷ್ಮದರ್ಶಕದ ಕೆಳಗೂ ಸೋತೆ. ಪುಡಿ ತೀರಾ ನುಣ್ಣಗಿತ್ತು. ಹಾಲು ಹರಿಯುವ ನಾಳಗಳ ಚೂರು ಕಂಡವು, ಹರಳುಗಳು ಕಂಡವು, ಆದರೆ ಅವು ಕವಳಿಯ ಇಡೀ ಕುಟುಂಬದ ಗಿಡಗಳಲ್ಲಿ ಇರುವಂಥವೇ. ಅಣ್ಣತಮ್ಮಂದಿರ ಮೂಳೆ ನೋಡಿ ಯಾರು ಯಾರೆಂದು ಹೇಳುವ ಹಾಗಾಯಿತು. ಹೋಲಿಸಿ ನೋಡಲು ಇನ್ನೊಂದು ಗಿಡದ ಬೇರು ಬೇಕಿತ್ತು. ಯಾವ ಗಿಡ? ಅದೇ ಕುಟುಂಬದ್ದು, ವಿಷದ್ದು, ಮುಂಬಯಿಯಲ್ಲಿ ರಾಶಿಗಟ್ಟಲೆ ಸಿಗುವಂಥದ್ದು.

ಮೇಜಿನ ಮೇಲೆ ಕೈಯೂರಿ ಯೋಚಿಸುತ್ತ ನಿಂತಾಗ ಹೊಳೆಯಿತು: ಕಣಗಿಲೆ. ಹೈವೇಯ ಉದ್ದಕ್ಕೂ, ಎರಡು ದಾರಿಗಳ ನಡುವಿನ ಡಿವೈಡರಿನಲ್ಲಿ ಸಾಲಾಗಿ ನೆಟ್ಟ ಗುಲಾಬಿ ಬಣ್ಣದ ಕಣಗಿಲೆ. ದನ ಮುಟ್ಟುವುದಿಲ್ಲ, ಹೊಗೆಗೆ ಸಾಯುವುದಿಲ್ಲ ಎಂದೇ ಅದನ್ನು ನೆಡುತ್ತಾರೆ.

ಆಟೋ ಹಿಡಿದು ಹೈವೇಗೆ ಹೋದೆ. ಕಾಮಗಾರಿಗೆಂದು ಡಿವೈಡರ್ ಅಗೆದು ಗಿಡಗಳನ್ನು ಬದಿಗೆ ರಾಶಿ ಹಾಕಿದ್ದರು. ಬಾಡಿದ ಎಲೆಗಳ ರಾಶಿಯಲ್ಲಿ ಕೊಂಬೆಗಳು ಬಹಳ, ಬೇರು ಕಡಿಮೆ. ಹುಡುಕುತ್ತಿದ್ದಾಗ ಹಳದಿ ಹೆಲ್ಮೆಟ್ಟಿನ ಕೆಲಸಗಾರನೊಬ್ಬ ಏನು ಬೇಕು ಎಂದ. ಬೇರು ಎಂದೆ.

"ಜಡ್ ತೋ ಟೆಂಪೋವಾಲಾ ಲೇ ಗಯಾ, ಮ್ಯಾಡಮ್," ಎಂದ. "ಕಿಸೀ ದವಾಯಿ ಕಂಪನಿ ಕೇ ಲಿಯೇ."

ಬೇರನ್ನೆಲ್ಲ ಯಾವುದೋ ಔಷಧ ಕಂಪನಿಗೆಂದು ಟೆಂಪೋದವನು ಒಯ್ದಿದ್ದ. ಅಂಧೇರಿಯಲ್ಲಿ ಔಷಧ ಕಂಪನಿ ಎಂದರೆ ನಮ್ಮದೊಂದೇ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಗಿಡದ ಬುಡದಲ್ಲಿ ಉಳಿದಿದ್ದ ಬೇರನ್ನು ಮುರಿದು, ಕರವಸ್ತ್ರದಲ್ಲಿ ಸುತ್ತಿ ತಂದೆ.

ಗಾಜಿನ ತಟ್ಟೆಯ ಮೇಲಿನ ಬಿಳಿ ಲೇಪದಲ್ಲಿ ಮೂರು ಚುಕ್ಕೆ ಇಟ್ಟೆ: ಮಾವಶಿಯ ಕವಳಿ ಬೇರು, ಹೈವೇಯ ಕಣಗಿಲೆ ಬೇರು, ಡಬ್ಬಿಯ ಪುಡಿ. ತಟ್ಟೆಯ ಬುಡವನ್ನು ದ್ರಾವಣದಲ್ಲಿ ನಿಲ್ಲಿಸಿದರೆ ದ್ರಾವಣ ಮೇಲೇರುತ್ತ ಒಂದೊಂದು ಅಂಶವನ್ನು ಒಂದೊಂದು ಎತ್ತರದಲ್ಲಿ ಬಿಟ್ಟು ಹೋಗುತ್ತದೆ. ಮೊದಲನೆಯ ಸಲ ದ್ರಾವಣದ ಹದ ತಪ್ಪಿ ಎಲ್ಲವೂ ಒಂದರ ಮೇಲೊಂದು ಕಲೆಸಿಹೋದವು. ಎರಡನೆಯ ಸಲ ಹದ ಬದಲಿಸಿದೆ. ತಟ್ಟೆ ಒಣಗಿಸಿ, ಆಮ್ಲ ಸಿಂಪಡಿಸಿ, ಬಿಸಿ ಮಾಡಿದಾಗ ಪಟ್ಟೆಗಳು ಒಂದೊಂದಾಗಿ ಎದ್ದವು. ಕವಳಿಯದೇ ಆದ ಪಟ್ಟೆ ಒಂದು ಕಡೆ, ಕಣಗಿಲೆಯದು ಇನ್ನೊಂದು ಕಡೆ. ಡಬ್ಬಿಯ ಪುಡಿಯ ಸಾಲಿನಲ್ಲಿ ಎರಡೂ ಇದ್ದವು. ಕಣಗಿಲೆಯದೇ ಗಾಢವಾಗಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. "ಗೊತ್ತಾದದ್ದು ಒಳ್ಳೆಯದು," ಎಂದರು. "ಆದರೆ ಇದಕ್ಕೆ ಸರಿಯಾದ ಪ್ರತಿವಿಷ ಸುಲಭವಾಗಿ ಸಿಗುವುದಿಲ್ಲ. ನಾವು ಹುಡುಕುತ್ತಿದ್ದೇವೆ."

ಮಾಲೀಕರು ಉಡುಪಿಯ ಕಡೆಯವರು, ಹೋಟೆಲಿನ ಮನೆತನ. ಯಾರಿಗೂ ಗದರಿದ್ದನ್ನು ನಾನು ಕಂಡಿಲ್ಲ. ತಟ್ಟೆಯನ್ನು ಅವರ ಮೇಜಿನ ಮೇಲೆ ಇಟ್ಟು ವಿವರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು.

"ಮಾಲು ಎಲ್ಲ ವಾಪಸ್ ತರಿಸುವ," ಎಂದರು. "ಅಂಗಡಿಯವರಿಗೆ ಪ್ಯಾಕಿಂಗ್ ಸರಿ ಇಲ್ಲ ಅಂತ ಹೇಳುವ. ಹೆದರಿಸುದು ಬೇಡ."

"ವಿಷ ಅಂತಲೇ ಹೇಳಬೇಕು ಸರ್. ತಿಂದವರು ಇದ್ದರೆ ಆಸ್ಪತ್ರೆಗೆ ಹೋಗಬೇಕಲ್ಲ."

"ಅದು ನೋಡುವ. ಈ ಬೇರು ತಂದದ್ದು ಆ ಕಾಡಿನ ಹೆಂಗಸು ಅಲ್ಲವಾ?"

"ಅವಳು ತಂದ ಬೇರು ಶುದ್ಧ ಇದೆ. ಜಾಡಿಯಲ್ಲಿದೆ, ನೋಡಿ. ಮೊದಲನೆಯ ಸಾಲು ಅದೇ."

"ಸರಿ ಮೇಡಂ. ನೀವು ನೋಡಿದ್ದು ಬರೆದು ಕೊಡಿ."

ಬೇರಿನದೊಂದು, ಪುಡಿಯದೊಂದು, ಎರಡು ವರದಿ ಕೊಟ್ಟೆ. ಪೊಲೀಸರಿಗೆ ಹೋದದ್ದು ಪುಡಿಯದು ಮಾತ್ರ.

ಅದು ನನಗೆ ತಿಳಿದದ್ದು ಮಲಾಡ್ ಸ್ಟೇಷನ್ನಿನ ಸೇತುವೆಯ ಕೆಳಗೆ. ನನ್ನ ಮನೆ ಇದ್ದದ್ದು ಮಲಾಡಿನಲ್ಲೇ. ಉಪ್ಪಿನಕಾಯಿಗೆ ಎಳೆಯ ಕವಳಿಕಾಯಿ ಬರುವ ದಿನಗಳು. ಮಾವಶಿ ಬುಟ್ಟಿ ಇಟ್ಟುಕೊಂಡು ಎಂದಿನ ಜಾಗದಲ್ಲಿ ಕೂತಿದ್ದಳು. ಇಬ್ಬರು ಪೊಲೀಸರು ಅವಳ ತೋಳು ಹಿಡಿದು ಎಬ್ಬಿಸುತ್ತಿದ್ದರು. ಕೂತು ಕೂತು ಅವಳ ಕಾಲು ಜೋಮು ಹಿಡಿದಿತ್ತೋ ಏನೋ, ನಿಲ್ಲಲು ಆಗದೆ ವಾಲಿದಳು, ಬುಟ್ಟಿ ಮಗುಚಿತು. ಹಸಿರು ಕಾಯಿಗಳು ಮೆಟ್ಟಿಲ ಬುಡದವರೆಗೆ ಉರುಳಿದವು. ಲೋಕಲ್ ಇಳಿದು ಬಂದ ಜನ ಅವುಗಳ ಮೇಲೇ ನಡೆದರು. ಜಜ್ಜಿದ ಕಾಯಿಯ ಹಾಲು ಚಪ್ಪಲಿಗೆ ಅಂಟಿತೆಂದು ಒಬ್ಬಾತ ಅವಳನ್ನೇ ಬೈದು ಹೋದ.

ಅವಳು ನನ್ನನ್ನು ಕಂಡಳು. "ಪೋರಿ, ನೀನು ಇವರಿಗೆ ಹೇಳು," ಎಂದಳು. "ಏನೋ ವಿಷ ಅಂತಾರೆ. ನೀನು ಎಲ್ಲ ನೋಡಿಯೇ ತೆಗೆದುಕೊಂಡೆಯಲ್ಲ, ಹೇಳು."

ನಾನು ಹೇಳಿದೆ. ಹಿಂದಿಯಲ್ಲಿ ಹೇಳಿದೆ, ಮರಾಠಿಯಲ್ಲಿ ಹೇಳಿದೆ, ಅವರ ಹಿಂದೆಯೇ ಠಾಣೆಗೆ ಹೋಗಿ ಅಲ್ಲಿಯೂ ಹೇಳಿದೆ. ಅಧಿಕಾರಿ ಎಲ್ಲ ಕೇಳಿಸಿಕೊಂಡು ನನ್ನ ಗುರುತಿನ ಚೀಟಿ ನೋಡಿದರು. "ದೂರು ಕೊಟ್ಟದ್ದು ನಿಮ್ಮ ಕಂಪನಿ. ಪುಡಿಯಲ್ಲಿ ವಿಷ ಇದೆ ಅಂತ ಸಹಿ ಮಾಡಿದ್ದು ನೀವು. ಈಗ ನೀವು ಕಂಪನಿಯವರೋ, ಇವಳ ಕಡೆಯವರೋ, ಮೊದಲು ತೀರ್ಮಾನ ಮಾಡಿಕೊಂಡು ಬನ್ನಿ," ಎಂದರು.

ಪ್ಯಾಕಿಂಗ್ ಹೆಂಗಸಿನ ಗಂಡ ತೀರಿಕೊಂಡದ್ದು ಅದರ ಮರುದಿನ. ಡಾಕ್ಟರುಗಳು ಕೈಲಾದದ್ದನ್ನೆಲ್ಲ ಮಾಡಿದ್ದರು. ಹೃದಯ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತಿತು ಎಂದು ಅವಳೇ ಹೇಳಿದಳು, ಇನ್ಯಾರದೋ ಮನೆಯ ಸುದ್ದಿ ಹೇಳುವ ಹಾಗೆ. ಧಾರಾವಿಯ ಅವಳ ಖೋಲಿಗೆ ನಾನು ಹೋದಾಗ ಊರಿನಿಂದ ಬಂದ ಮೈದುನ ಗಂಟು ಕಟ್ಟುತ್ತಿದ್ದ. ಹೊಲಿಗೆ ಮುಗಿಯದ ಬ್ಯಾಗುಗಳನ್ನು ಅಂಗಡಿಯವನು ಅದಾಗಲೇ ಬಂದು ಒಯ್ದಿದ್ದನಂತೆ.

"ನಾ ನಿನ್ನ ಜೋಡಿ ಬರ್ತೀನಿ," ಎಂದೆ. "ಏನಾತು ಅಂತ ಪೊಲೀಸರ ಮುಂದ ಹೇಳು."

"ಏನ ಹೇಳ್ಲಿ ಅಕ್ಕಾರ? ಕಂಪನಿಯಿಂದ ಮಂದಿ ಬಂದಿದ್ರು. ಡಬ್ಬಿ ನೀನ ಕದ್ದಿ, ನೀನ ಮೂರ ಚಮಚಾ ಹಾಕಿದಿ, ಠಾಣೆಗೆ ಹ್ವಾದ್ರ ಮೊದಲ ನಿನ್ನ ಹೆಸರ ಬರತೈತಿ ಅಂದ್ರು. ನಾಳಿಯಿಂದ ಕೆಲಸಕ್ಕ ಬರಬ್ಯಾಡ ಅಂತನೂ ಅಂದ್ರು."

"ಒಡದ ಡಬ್ಬಿ ಒಯ್ಯೂದು ಕಳವಲ್ಲ. ನಾ ಹೇಳ್ತೀನಿ."

ಅವಳು ತಲೆ ಅಲ್ಲಾಡಿಸಿದಳು. "ನನ್ನ ಕೈಲೇ ಕುಡಿಸೀನ್ರೀ. ಬ್ಯಾಡ, ಕಹಿ ಐತಿ ಅಂದ್ರು. ನಾನ ಒತ್ತಾಯ ಮಾಡಿ ಕುಡಿಸಿದೆ." ಮೈದುನ ಗಂಟು ಹೆಗಲಿಗೇರಿಸಿದ. ಅವಳು ಎದ್ದಳು. ಅವಳನ್ನು ನಾನು ಮತ್ತೆ ನೋಡಲಿಲ್ಲ.

ಅಲ್ಲಿಂದ ನೇರವಾಗಿ ಕಾರ್ಖಾನೆಗೆ ಹೋಗಿ ಮಾಲೀಕರ ಕೋಣೆಯ ಬಾಗಿಲು ತಟ್ಟಿದೆ.

"ಹೈವೇಯ ಬೇರು ತಗೊಂಡದ್ದು ನಾವೇನಾ ಸರ್?"

"ಕೂತ್ಕೊಳ್ಳಿ ಮೇಡಂ. ಚಾ ತರಿಸ್ತೇನೆ."

ಕೂತೆ. ಅವರು ಮುಚ್ಚುಮರೆ ಮಾಡಲಿಲ್ಲ. "ಗಿಡ ಕೀಳುವ ಗುತ್ತಿಗೆಯವ ಕರಂಡೆ ಬೇರು ಅಂತಲೇ ಹೇಳಿದ. ಹಾಲು ಬರ್ತದೆ, ಕಹಿ ಉಂಟು. ನಾನು ಎಂತ ವಿಜ್ಞಾನಿಯಾ? ಆ ಹೆಂಗಸು ತರುದು ಒಂದು ಕಟ್ಟು, ನಮಗೆ ಬೇಕಾದ್ದು ಗೋಣಿಗಟ್ಟಲೆ. ಮೆಶೀನಿಗೆ ಹಾಕಿದ್ರು, ಆಯ್ತು."

"ನನಗೆ ಒಂದು ತುಂಡು ತೋರಿಸಬಹುದಿತ್ತು."

"ತೋರಿಸಿದ್ರೆ ನೀವು ಬೇಡ ಅಂತಿದ್ರಿ."

"ಹಾಗಾದರೆ ಮಾವಶಿಯ ಮೇಲೆ ಯಾಕೆ ದೂರು ಕೊಟ್ಟಿರಿ?"

"ಒಬ್ಬರ ಮೇಲೆ ಹೋಗ್ಲೇ ಬೇಕಲ್ಲ. ನನ್ನ ಮೇಲೆ ಬಂದ್ರೆ ಈ ಜಾಗಕ್ಕೆ ಬೀಗ. ಇಲ್ಲಿಯವರ ಮನೆ ಎಲ್ಲ ಹಾಳು, ನಿಮ್ಮದೂ ಸೇರಿ. ಅವಳಿಗೆ ಕಳ್ಕೊಳ್ಳಿಕ್ಕೆ ಎಂತ ಉಂಟು ಹೇಳಿ? ಸ್ವಲ್ಪ ದಿನ ಒಳಗೆ ಕೂತ್ರೆ ಎರಡು ಹೊತ್ತು ಊಟ ಆದ್ರೂ ಸಿಗ್ತದೆ. ಆಮೇಲೆ ವಕೀಲರಿಂದ ಬಿಡಿಸುವ."

ಇದನ್ನು ಅವರು ಕೋಪದಲ್ಲಿ ಹೇಳಲಿಲ್ಲ. ಚಹಾದ ಲೋಟವನ್ನು ನನ್ನ ಕಡೆ ಸರಿಸುತ್ತ, ಬಿಸಿ ಉಂಟು, ನಿಧಾನ ಕುಡಿಯಿರಿ ಎನ್ನುತ್ತ ಹೇಳಿದರು. ಅವರು ಕೆಟ್ಟದಾಗಿ ಕೂಗಾಡಿದ್ದರೆ ನಾನು ಬಹುಶಃ ಅಳುತ್ತಿದ್ದೆ, ರಾಜೀನಾಮೆ ಬರೆಯುತ್ತಿದ್ದೆ, ಮನೆಗೆ ಹೋಗುತ್ತಿದ್ದೆ. ಆ ಮೃದುತನ ನೋಡಿ ನನಗೆ ಬೇರೆ ದಾರಿ ಇಲ್ಲವೆನ್ನಿಸಿತು.

ಲ್ಯಾಬಿಗೆ ಬಂದು ಕಪಾಟು ತೆರೆದೆ. ಮಾವಶಿಯ ಬೇರಿನ ಜಾಡಿಯಿಂದ ಅರ್ಧ ತೆಗೆದು ಬೇರೆ ಡಬ್ಬಿಗೆ ಹಾಕಿಕೊಂಡೆ. ಉಳಿದರ್ಧವನ್ನು ಅಲ್ಲೇ ಬಿಟ್ಟೆ; ತಪಾಸಣೆಯವರು ತಾವೇ ಬಂದು ಅದಕ್ಕೆ ಸೀಲು ಹಾಕಿದರೆ ನಾನು ಬೇರು ಬದಲಿಸಿದೆ ಎಂದು ಯಾರೂ ಹೇಳುವಂತಿಲ್ಲ. ಬೀಸುವ ಯಂತ್ರದ ಜರಡಿಯ ಹಿಂದೆ ಅಂಟಿದ್ದ ಧೂಳನ್ನು ಚಾಕುವಿನಿಂದ ಕೆರೆದು ಕಾಗದದಲ್ಲಿ ಸುತ್ತಿದೆ. ತಟ್ಟೆಯನ್ನು ಟಿಫಿನ್ ಚೀಲದಲ್ಲಿ ಇಟ್ಟುಕೊಂಡು, ಲೋಕಲ್ ಹಿಡಿದು, ಔಷಧ ತಪಾಸಣೆಯ ಸರಕಾರಿ ಕಚೇರಿಗೆ ಹೋದೆ.

ಅಲ್ಲಿಯ ಅಧಿಕಾರಿ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದರು. ಮರುದಿನವೇ ಬಂದು ಜಾಡಿಗೆ ಸೀಲು ಹಾಕಿದರು, ಯಂತ್ರ ಬಿಚ್ಚಿಸಿದರು, ಮೂಲೆಯಲ್ಲಿ ಉಳಿದಿದ್ದ ಒಂದು ಗೋಣಿಯಲ್ಲಿ ಕಣಗಿಲೆಯ ಬೇರಿನ ತುಂಡುಗಳೂ ಸಿಕ್ಕವು. ಅವರ ಪ್ರಯೋಗಾಲಯದ ತಟ್ಟೆಯೂ ನನ್ನ ತಟ್ಟೆ ಹೇಳಿದ್ದನ್ನೇ ಹೇಳಿತು. ಅಂಗಡಿಗಳಿಗೆ ಇದು ವಿಷ ಎಂಬ ಎಚ್ಚರಿಕೆ ಹೋಯಿತು. ಅಷ್ಟರೊಳಗೆ ಎಷ್ಟು ಜನ ತಿಂದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಾರ್ಖಾನೆಗೆ ಬೀಗ ಬಿತ್ತು. ಗುತ್ತಿಗೆಯವನು ಮೋಸ ಮಾಡಿದ ಎಂದು ಮಾಲೀಕರ ವಕೀಲರು ವಾದಿಸಿದರು. ಗುತ್ತಿಗೆಯವನು ಎಲ್ಲಿಯೂ ಸಿಗಲಿಲ್ಲ. ಮಾಲೀಕರು ಒಂದು ದಿನವೂ ಲಾಕಪ್ಪಿನಲ್ಲಿ ಕೂರಲಿಲ್ಲ. ಕೆಲವು ತಿಂಗಳಾದ ಮೇಲೆ ವಸಯಿಯ ಕಡೆ ಇನ್ನೊಂದು ಹೆಸರಿನಲ್ಲಿ ಕೆಲಸ ಶುರು ಮಾಡಿದರು. ನಮ್ಮಲ್ಲಿದ್ದವರಲ್ಲಿ ಹಲವರನ್ನು ಕರೆಸಿಕೊಂಡರು. ನನ್ನನ್ನು ಯಾರೂ ಕರೆಯಲಿಲ್ಲ. ದಾರಿಯಲ್ಲಿ ಸಿಕ್ಕರೆ ಬೀಸುವ ಕೋಣೆಯವರು ಮುಖ ತಿರುಗಿಸುತ್ತಿದ್ದರು.

ಇದೆಲ್ಲ ನಾನು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ಬೇರೆ ಒಂದಿತ್ತು.

ವಿಷದ ಆರೋಪ ಮಾವಶಿಯ ಮೇಲೆ ನಿಲ್ಲುವುದಿಲ್ಲ ಎಂದು ಪೊಲೀಸರು ಒಪ್ಪಿಕೊಂಡ ದಿನ ನಾನು ಅವಳನ್ನು ಕರೆತರಲು ಠಾಣೆಗೆ ಹೋದೆ. ಅಲ್ಲಿ ಖಾಕಿ ತೊಟ್ಟ ಇನ್ನೊಬ್ಬ ಅಧಿಕಾರಿ ಕಾಯುತ್ತಿದ್ದರು. ಅರಣ್ಯದವರು. ಚಿಕ್ಕ ವಯಸ್ಸಿನ, ಸಭ್ಯ ಮನುಷ್ಯ. ಜಾಡಿಯ ಚೀಟಿಯ ಬಗ್ಗೆ ಕೇಳಿದರು. ಎಲ್ಲಿಂದ ಬಂತು ಎನ್ನುವ ಕಡೆ ನಾನು ಬೆಟ್ಟದ ಹೆಸರು ಬರೆದಿದ್ದೆ. ಬರೆಯಲೇಬೇಕಾದ ಹೆಸರು ಅದು. ಅದರ ಬಲದಿಂದಲೇ ಮಾವಶಿಯ ಬೇರು ಬೇರೆ, ಹೈವೇಯ ಬೇರು ಬೇರೆ ಎಂದು ಸಾಬೀತಾಗಿತ್ತು.

"ಅಂದರೆ ಈ ಬೇರು ನಮ್ಮ ಕಾಡಿನದು," ಎಂದರು.

"ಅವಳು ಗಿಡ ಸಾಯಿಸುವುದಿಲ್ಲ. ಒಂದು ಬದಿಯ ಬೇರು ಮಾತ್ರ ತೆಗೆಯುತ್ತಾಳೆ."

"ನಿಮ್ಮ ಮಾತು ನಂಬುತ್ತೇನೆ ಮ್ಯಾಡಮ್. ಆದರೆ ಸಂರಕ್ಷಿತ ಕಾಡಿನಲ್ಲಿ ಅಗೆಯುವುದೇ ಅಪರಾಧ. ಅಗೆದವಳು ಅವಳು ಅಂತ ನಿಮ್ಮ ಹೇಳಿಕೆಯಲ್ಲೇ ಇದೆ. ನಾನು ಇದನ್ನು ನೋಡಿಯೂ ಸುಮ್ಮನಿದ್ದರೆ ನನ್ನನ್ನು ಕೇಳುತ್ತಾರೆ."

ಹೀಗೆ ಮಾವಶಿ ಕೂತಿದ್ದ ಜಾಗದಿಂದ ಏಳದೆಯೇ ಒಂದು ಪ್ರಕರಣದಿಂದ ಇನ್ನೊಂದು ಪ್ರಕರಣಕ್ಕೆ ಹೋದಳು.

ಕೋರ್ಟಿನಲ್ಲಿ ಜಾಮೀನಿನ ದಿನ ನನ್ನನ್ನೂ ಕರೆಸಿದ್ದರು. ಸರಕಾರದಿಂದ ಅವಳಿಗೆ ಒಬ್ಬ ವಕೀಲರು ಸಿಕ್ಕಿದ್ದರು. ಕೈತುಂಬ ಕೇಸುಗಳಿದ್ದ ಮನುಷ್ಯ. ನಾನು ಅವರನ್ನು ಬದಿಗೆ ಕರೆದು, ಜಾಡಿಯ ಬೇರು ಯಾರು ತಂದದ್ದೋ ಗೊತ್ತಿಲ್ಲ ಎಂದು ನಾನು ಹೇಳಿದರೆ ಏನಾಗುತ್ತದೆ ಎಂದು ಕೇಳಿದೆ. "ಆ ಬೇರು ಅವಳದ್ದು ಅಲ್ಲ ಅಂತಾದರೆ ಅವಳು ತಂದದ್ದು ಯಾವುದು ಅನ್ನುವ ಪ್ರಶ್ನೆ ಏಳುತ್ತದೆ. ವಿಷದ ಪ್ರಕರಣ ಮತ್ತೆ ಜೀವ ಹಿಡಿಯುತ್ತದೆ. ಅದರಲ್ಲಿ ಒಬ್ಬ ಸತ್ತಿದ್ದಾನೆ," ಎಂದರು.

ನ್ಯಾಯಾಧೀಶರು ಸೀಲು ಹಾಕಿದ ಜಾಡಿಯನ್ನು ತೋರಿಸಿ ಕೇಳಿದರು, "ಇವು ಈ ಹೆಂಗಸು ತಂದುಕೊಟ್ಟ ಬೇರುಗಳೇ?"

ಮಾವಶಿ ಕಟಕಟೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮೈ ಇಳಿದುಹೋಗಿತ್ತು. ನಾನು ಬಂದದ್ದು ತನ್ನನ್ನು ಬಿಡಿಸಲಿಕ್ಕೆ ಎಂದೇ ಅವಳು ತಿಳಿದಿದ್ದಳು.

"ಹೌದು," ಎಂದೆ. "ಆದರೆ ಸಾಹೇಬರೇ, ಅವಳು..."

"ಕೇಳಿದ್ದು ಅಷ್ಟೇ," ಎಂದರು.

ಜಾಮೀನು ಸಿಕ್ಕಿತು. ಷರತ್ತನ್ನು ಅವರು ಇಂಗ್ಲಿಷಿನಲ್ಲಿ ಓದಿದರು. ವಕೀಲರು ಮುಂದಿನ ಕೇಸಿಗೆ ಓಡಿದರು. ಹೊರಗೆ ಮೆಟ್ಟಿಲ ಮೇಲೆ ಮಾವಶಿ ನನ್ನ ಪಕ್ಕ ಕೂತಳು. "ಕೊನೆಗೆ ಅವರು ಏನು ಹೇಳಿದರು?"

"ಮನೆಗೆ ಹೋಗಬಹುದು ಅಂದರು. ಕೇಸು ಮುಗಿಯುವ ತನಕ ಕಾಡಿನ ಗಡಿಯೊಳಗೆ ಕಾಲಿಡಬಾರದಂತೆ."

ಹೇಳುವಾಗಲೇ ನನಗೆ ನೆನಪಾಯಿತು. ಅವಳ ಪಾಡಾ ಇದ್ದದ್ದು ಆ ಗಡಿಯ ಒಳಗೆ. ಅವಳ ಅಜ್ಜಿ ಹುಟ್ಟಿದ್ದೂ ಅಲ್ಲೇ. ಅದನ್ನು ಕೋರ್ಟಿನಲ್ಲಿ ಹೇಳಬೇಕಾದವರು ವಕೀಲರು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ.

"ಹಾಗಾದರೆ ನಾನು ಮಲಗುವುದು ಎಲ್ಲಿ?" ಎಂದಳು. ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

"ನನ್ನ ಮನೆಗೆ ಬನ್ನಿ ಮಾವಶಿ. ವಕೀಲರಿಗೆ ಹೇಳಿ ಷರತ್ತು ಬದಲಾಯಿಸುವ ಅರ್ಜಿ ಹಾಕಿಸುತ್ತೇನೆ. ಅಲ್ಲಿಯವರೆಗೆ ಇರಿ."

ಅವಳು ನನ್ನ ಮುಖವನ್ನು ನೋಡಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ರಸ್ತೆಯನ್ನು ನೋಡಿದಳು. "ನೀನು ಒಳ್ಳೆಯದನ್ನೇ ಮಾಡಿದೆ ಪೋರಿ," ಎಂದಳು. "ಇನ್ನು ಮಾಡಬೇಡ."

ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಮೆಟ್ಟಿಲು ಇಳಿದು, ಬಸ್ ಸ್ಟಾಪಿಗೆ ಹೋದಳು. ಬೆಟ್ಟದ ಕಡೆ ಹೋಗುವ ಬಸ್ಸು ಬಂದಾಗ ಅದನ್ನೇ ಹತ್ತಿದಳು. ನಾನು ಓಡಿಹೋಗಿ ಬಾಗಿಲ ಕಂಬಿ ಹಿಡಿದೆ. ಹಿಂದಿನವರು ಬೈದರು. ಬಿಟ್ಟೆ.

ವಕೀಲರು ಮರುದಿನ ಬೆಳಿಗ್ಗೆ ಫೋನ್ ಮಾಡಿದರು. ಕಾಡಿನ ಗೇಟಿನಲ್ಲಿ ಅರಣ್ಯದವರು ಅವಳನ್ನು ಹಿಡಿದಿದ್ದರು, ಜಾಮೀನು ರದ್ದಾಗುತ್ತದೆ ಎಂದರು. ಬೇಡ ಅಂದಮೇಲೂ ಯಾಕೆ ಒಳಗೆ ಹೋದೆ ಎಂದು ಅವಳನ್ನು ಕೇಳಿದಿರಾ ಎಂದೆ.

"ಕೇಳಿದೆ," ಎಂದರು. "ಆಡುಗಳಿಗೆ ನೀರಿಡಬೇಕಿತ್ತಂತೆ."